ಹಳೆಯ ಚಿತ್ರಕ್ಕೆ ಕಟ್ಟು ಹಾಕಿಸುವ ಮುನ್ನ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಗದದ ಮೇಲಿನ ಹಳೆಯ ಚಿತ್ರಗಳ ಬಗ್ಗೆಯೇ ಇವೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಅಜ್ಜನ ಕಾಲದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಚಿತ್ರ ನಮ್ಮ ಪಡಸಾಲೆಯಲ್ಲಿದೆ. ಹಿಂಬದಿಗೆ ಮರದ ಹಲಗೆ ಬಡಿದಿದ್ದಾರೆ. ಚಿತ್ರದ ಮೇಲೆ ಉದ್ದಕ್ಕೂ ಎರಡು ಕಂದು ಗೆರೆ ಮೂಡಿವೆ, ಒಂದು ಮೂಲೆ ಗಾಜಿಗೆ ಹತ್ತಿಕೊಂಡಂತೆ ಕಾಣುತ್ತದೆ. ಫ್ರೇಮ್ ಅಂಗಡಿಯವರು "ಪ್ಲೈವುಡ್ಡಿಗೆ ಅಂಟಿಸಿ, ಅಂಚು ನೀಟಾಗಿ ಕತ್ತರಿಸಿ ಹೊಸ ಗ್ಲಾಸ್ ಹಾಕಿಕೊಡ್ತೀನ್ರಿ, ಹೊಸದರಂಗ ಆಗ್ತದ" ಅಂತಾರೆ. ಕೊಡಬಹುದೇ?
— ಬಳ್ಳಾರಿ

ಉತ್ತರ: ಕೊಡಬೇಡಿ. ಅಂಟಿಸುವುದೂ ಬೇಡ, ಕತ್ತರಿಸುವುದೂ ಬೇಡ. ಮರಗೆಲಸದ ಬಿಳಿ ಅಂಟು ಒಣಗಿತೆಂದರೆ ಕಾಗದದಿಂದ ಅದನ್ನು ಬಿಡಿಸುವುದು ಆಗದ ಮಾತು. ಪ್ಲೈವುಡ್ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವಾಗ ಅದಕ್ಕೆ ಅಂಟಿದ ಕಾಗದ ಸೀಳುತ್ತದೆ. ಇನ್ನು ಅಂಚು. ಈ ಚಿತ್ರಗಳಲ್ಲಿ ಪ್ರೆಸ್ಸಿನ ಹೆಸರು, ಚಿತ್ರದ ಹೆಸರು ಅಚ್ಚಾಗಿರುವುದು ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲೇ. ಅದನ್ನು ಕತ್ತರಿಸಿದರೆ ಯಾವ ಪ್ರೆಸ್ಸಿನದು, ಯಾವ ಕಾಲದ್ದು ಎಂದು ಹೇಳುವ ಸುಳಿವೇ ಹೋಗುತ್ತದೆ. ರವಿವರ್ಮ ಪ್ರೆಸ್ 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಹಾಗಾಗಿ ಅಂಚಿನಲ್ಲಿರುವ ಊರಿನ ಹೆಸರಿಗೂ ಬೆಲೆಯಿದೆ.

ಕಂದು ಗೆರೆಗಳಿಗೆ ಕಾರಣ ಹಿಂದಿನ ಹಲಗೆ. ಎರಡು ಹಲಗೆಗಳ ನಡುವಿನ ಸಂದು ಎಲ್ಲಿದೆಯೋ ಗೆರೆ ಅಲ್ಲೇ ಬಿದ್ದಿರುತ್ತದೆ, ಬಿಚ್ಚಿದಾಗ ಹೋಲಿಸಿ ನೋಡಿ. ಮರ ವರ್ಷಗಟ್ಟಲೆ ಆಮ್ಲದ ಆವಿ ಬಿಡುತ್ತಿರುತ್ತದೆ, ಸಂದಿನಿಂದ ಹೊರಗಿನ ಹವೆ, ಹೊಗೆ, ಧೂಳು ಒಳಗೆ ಬರುತ್ತವೆ. ಗಂಟಿನ ಜಾಗದಲ್ಲಿ ದುಂಡನೆಯ ಕಲೆ ಬೀಳುವುದೂ ಇದೇ ಕಾರಣಕ್ಕೆ. ನಮಗೆ ಬರುವ ಹಾಳಾದ ಚಿತ್ರಗಳಲ್ಲಿ ಮುಂದಿನಿಂದ ಕೆಟ್ಟವು ಕಡಿಮೆ, ಬೆನ್ನಿನಿಂದ ಕೆಟ್ಟವೇ ಹೆಚ್ಚು. ಗ್ಲಾಸಿಗೆ, ಪಟ್ಟಿಯ ಬಂಗಾರದ ಬಣ್ಣಕ್ಕೆ ದುಡ್ಡು ಸುರಿದು ಬೆನ್ನಿಗೆ ಹಳೆಯ ರಟ್ಟು ಇಡುವುದು ನಮ್ಮ ಕಡೆಯ ರೂಢಿ.

ಬಿಚ್ಚುವ ಕ್ರಮ ಹೀಗೆ. ಫ್ಯಾನ್ ಬಂದ್ ಮಾಡಿ. ಮೇಜಿನ ಮೇಲೆ ದಪ್ಪ ಹತ್ತಿ ಬಟ್ಟೆ ಹಾಸಿ ಕಟ್ಟನ್ನು ಬೋರಲು ಮಲಗಿಸಿ. ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಕೀಳಿ, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಹಲಗೆ ತೆಗೆದ ಮೇಲೆ ಚಿತ್ರವನ್ನು ಎತ್ತಲು ಹೋಗದೆ, ಗಾಜು ಮತ್ತು ಚಿತ್ರ ಎರಡನ್ನೂ ಒಟ್ಟಿಗೆ ಹೊರತೆಗೆಯಿರಿ. ಗಾಜಿಗೆ ಹತ್ತಿದ ಮೂಲೆಯನ್ನು ಎಳೆಯಬಾರದು, ಕೆಳಗೆ ಬ್ಲೇಡು ತೂರಿಸಬಾರದು, ನೀರು ಹನಿಸಬಾರದು. ಎಳೆದರೆ ಬಣ್ಣ ಗಾಜಿನಲ್ಲಿ ಉಳಿದು ಬಿಳಿ ಕಾಗದ ನಿಮ್ಮ ಕೈಗೆ ಬರುತ್ತದೆ. ಗಾಜಿನ ಸಮೇತ ಮಲಗಿಸಿಟ್ಟು ತಜ್ಞರಿಗೆ ತೋರಿಸಿ. ಹತ್ತಿಕೊಂಡಿಲ್ಲ, ಬರೀ ತಾಗಿಕೊಂಡಿದೆ ಎಂದಾದರೆ ಮುಂದುವರಿಯಬಹುದು.

ಧೂಳನ್ನು ಮೃದುವಾದ ಬ್ರಷ್ಷಿನಿಂದ ನಡುವಿನಿಂದ ಅಂಚಿನತ್ತ ಸರಿಸಿ. ಒದ್ದೆ ಬಟ್ಟೆ ಮಾತ್ರ ಮುಟ್ಟಿಸಬೇಡಿ. ಬಳ್ಳಾರಿ, ಸಂಡೂರಿನ ಕಡೆಯ ಕೆಂಧೂಳಿನಲ್ಲಿ ಕಬ್ಬಿಣದ ಅದಿರಿನ ಪುಡಿ ಇರುತ್ತದೆ. ಒಣಗಿದ್ದಾಗ ಬ್ರಷ್ಷಿಗೆ ಬರುವ ಅದೇ ಧೂಳು ಒದ್ದೆಯಾದರೆ ನಾರಿನೊಳಗೆ ಇಳಿದು ಕೆಂಪು ಕಲೆಯಾಗಿ ಕೂರುತ್ತದೆ. ಚಿತ್ರವೆಲ್ಲ ಹಳದಿಯಾಗಿ ಕಂಡರೆ ಅದು ಕೊಳೆಯೇ ಆಗಬೇಕೆಂದಿಲ್ಲ. ಇಂಥ ಚಿತ್ರಗಳಿಗೆ ಎಣ್ಣೆ ಚಿತ್ರದ ಹೊಳಪು ಬರಲೆಂದು ವಾರ್ನಿಷ್ ಬಳಿಯುತ್ತಿದ್ದರು. ಹಳದಿಯಾಗಿರುವುದು ಆ ವಾರ್ನಿಷ್ ಇರಬಹುದು, ಒರೆಸಲು ಹೋಗಬೇಡಿ.

ಇನ್ನು ಹೊಸ ಕಟ್ಟು. ಮುಂದಿನಿಂದ ಹಿಂದಕ್ಕೆ ಐದು ಪದರ ಬರಬೇಕು: 2ರಿಂದ 3 ಮಿ.ಮೀ. ಗಾಜು; ಕಿಟಕಿಯಂತೆ ನಡುವೆ ಕತ್ತರಿಸಿದ 1.5 ಮಿ.ಮೀ. ಮೌಂಟ್ ಬೋರ್ಡ್ (ಚಿತ್ರಕ್ಕೆ ಆಸರೆಯಾಗುವ ದಪ್ಪ ರಟ್ಟು); ಚಿತ್ರ; ಅದರ ಹಿಂದೆ ಅಷ್ಟೇ ದಪ್ಪದ ಇನ್ನೊಂದು ಮೌಂಟ್ ಬೋರ್ಡ್; ಕೊನೆಗೆ 3ರಿಂದ 4 ಮಿ.ಮೀ. ಸನ್‌ಪ್ಯಾಕ್ ಶೀಟ್ (ನಡುವೆ ಕೊಳವೆಗಳಿರುವ ಪ್ಲಾಸ್ಟಿಕ್ ಹಾಳೆ). ಎಲ್ಲ ಸೇರಿ 8ರಿಂದ 10 ಮಿ.ಮೀ. ಆಗುತ್ತದೆ. ಹಾಗಾಗಿ ಪಟ್ಟಿ ಆರಿಸುವಾಗ ಗಾಜು ಕೂರುವ ಒಳಮೆಟ್ಟಿಲು 12 ಮಿ.ಮೀ. ಆಳವಿದೆಯೇ ಎಂದು ಅಳೆದು ನೋಡಿ. ತೆಳು ಪಟ್ಟಿ ತಂದರೆ ಪದರಗಳು ಹಿಡಿಸದೆ ಅಂಗಡಿಯವರು ಒಂದನ್ನು ಕೈಬಿಡುತ್ತಾರೆ, ಕೈಬಿಡುವುದು ಕಿಟಕಿ ಬೋರ್ಡನ್ನೇ. ಅದು ಬರೀ ಅಂದಕ್ಕಲ್ಲ. ಚಿತ್ರವನ್ನು ಗಾಜಿನಿಂದ ದೂರ ಹಿಡಿಯುವುದು ಅದೊಂದೇ. ಗಾಜಿನ ಒಳಮೈ ಬೆವರಿದರೆ ತಾಗಿಕೊಂಡ ಕಾಗದ ಅಂಟಿಕೊಳ್ಳುತ್ತದೆ, ನಿಮ್ಮ ಚಿತ್ರದ ಮೂಲೆಗೆ ಆಗಿರುವುದು ಬಹುಶಃ ಇದೇ. ಚಿತ್ರದ ಮೇಲೆ ಜರಿ, ಚಮಕಿ ಅಂಟಿಸಿ ಅಲಂಕರಿಸಿದ್ದರೆ ಒಂದು ಬೋರ್ಡಿನ ದಪ್ಪ ಸಾಲದು. ಕಿಟಕಿಯ ಕೆಳಗೆ ಅದೇ ಬೋರ್ಡಿನ ಪಟ್ಟಿಗಳನ್ನು ಕೂಡಿಸಿ 5-6 ಮಿ.ಮೀ. ಎತ್ತರಿಸಿ.

ಕಿಟಕಿಯ ಅಳತೆ: ಹಾಳೆಯ ನಾಲ್ಕೂ ಬದಿಯಲ್ಲಿ 3 ಮಿ.ಮೀ. ಮಾತ್ರ ಬೋರ್ಡಿನ ಕೆಳಗೆ ಹೋಗಲಿ. 50 x 35 ಸೆಂ.ಮೀ. ಹಾಳೆಗೆ 49.4 x 34.4 ಸೆಂ.ಮೀ. ಕಿಟಕಿ. ಅಂಚಿನ ಬರಹ ಕಾಣುವಂತಿರಲಿ.

ಚಿತ್ರವನ್ನು ಹಿಡಿದಿಡಲು ಎರಡು ದಾರಿ. ಮೂಲೆಗಳು ಗಟ್ಟಿಯಿದ್ದರೆ ಒಳ್ಳೆಯ ಕಾಗದವನ್ನು ತ್ರಿಕೋನವಾಗಿ ಮಡಚಿ ನಾಲ್ಕು ಜೇಬು ಮಾಡಿ, ಜೇಬುಗಳನ್ನು ಹಿಂದಿನ ಬೋರ್ಡಿಗೆ ಅಂಟಿಸಿ, ಚಿತ್ರದ ಮೂಲೆಗಳನ್ನು ಅವುಗಳಲ್ಲಿ ತೂರಿಸುವುದು. ಚಿತ್ರಕ್ಕೆ ಅಂಟು ತಾಗುವುದೇ ಇಲ್ಲ. ಮನೆಯಲ್ಲೇ ಮಾಡುವವರಿಗೆ ಇದನ್ನೇ ಹೇಳುತ್ತೇವೆ. ಎರಡೂ ಬದಿಗೆ 1-2 ಮಿ.ಮೀ. ಸಡಿಲ ಬಿಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಹಿಗ್ಗಿದ ಕಾಗದ ನಡುವೆ ಉಬ್ಬುತ್ತದೆ. ಮೂಲೆ ಮುರಿದಿದ್ದರೆ ಎರಡನೆಯ ದಾರಿ: ಉದ್ದ ನಾರಿನ ತೆಳು ಜಪಾನಿ ಕಾಗದದ ಎರಡು ತುಂಡು, 2 x 3 ಸೆಂ.ಮೀ., ಚಿತ್ರದ ಮೇಲಂಚಿನ ಬೆನ್ನಿಗೆ. ತುಂಡುಗಳನ್ನು ಕತ್ತರಿಯಿಂದ ಕತ್ತರಿಸದೆ, ಒದ್ದೆ ಬ್ರಷ್ಷಿನಲ್ಲಿ ಗೆರೆ ಎಳೆದು ಹರಿಯಿರಿ. ನಾರು ಹೊರಚಾಚಿದ ಅಂಚು ಮುಂದೆ ಗುರುತು ಮೂಡಿಸುವುದಿಲ್ಲ. ಚಿತ್ರದ ಬೆನ್ನಿಗೆ ಅಂಟು ಬರುವುದು 5 ಮಿ.ಮೀ. ಅಗಲ ಮಾತ್ರ, ತುಂಡಿನ ಉಳಿದ ಭಾಗ ಹಿಂದಿನ ಬೋರ್ಡಿಗೆ. ಈ ಕಾಗದ ಚಿತ್ರದ ಕಾಗದಕ್ಕಿಂತ ಮೆತ್ತಗಿರಬೇಕು. ಕಟ್ಟು ಬಿದ್ದರೆ ಮೊದಲು ಹರಿಯಬೇಕಾದ್ದು ಅದು. ಕೆಳಗಿನ ಅಂಚನ್ನು ಎಂದೂ ಅಂಟಿಸಬೇಡಿ.

ಅಂಟಿಗೆ ಬೇಕಾದ್ದು ಗೋಧಿಯ ಪಿಷ್ಟ, ಮೈದಾ ಅಲ್ಲ. ಮೈದಾದ ಜಿಗಟು ಹುಳುಗಳಿಗೆ ಹಬ್ಬ. ಹಲ್ವಾಕ್ಕೆ ಗೋಧಿ ಹಾಲು ತೆಗೆಯುವುದು ಗೊತ್ತಿದ್ದರೆ ಪಿಷ್ಟ ಮನೆಯಲ್ಲೇ ಸಿಗುತ್ತದೆ: ಮೈದಾವನ್ನು ಗಟ್ಟಿಯಾಗಿ ಕಲಸಿ ಅರ್ಧ ತಾಸು ಬಿಡಿ, ನೀರಲ್ಲಿ ಹಿಚುಕಿ ಹಿಚುಕಿ ತೊಳೆದು ಹಾಲು ತೆಗೆಯಿರಿ, ಕೈಯಲ್ಲಿ ಉಳಿದ ಜಿಗಟನ್ನು ಬಿಸಾಡಿ. ಹಾಲನ್ನು ತೆಳು ಬಟ್ಟೆಯಲ್ಲಿ ಸೋಸಿ ತಳ ನಿಲ್ಲಲು ಬಿಟ್ಟು ಮೇಲಿನ ನೀರು ಬಸಿಯಿರಿ. ಮೂರು ಸಲ ನೀರು ಬದಲಿಸಿದರೆ ತಳದಲ್ಲಿ ಉಳಿಯುವುದು ಪಿಷ್ಟ, ಅದನ್ನು ಒಣಗಿಸಿ. 20 ಗ್ರಾಂ ಪಿಷ್ಟಕ್ಕೆ 100 ಮಿ.ಲೀ. ನೀರು. ಒಂದು ತಾಸು ನೆನೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ 20ರಿಂದ 30 ನಿಮಿಷ ತಿರುವಿ. ಬಿಳುಪು ಹೋಗಿ ಅರೆಪಾರದರ್ಶಕವಾಗಬೇಕು. ಆರಿದ ಮೇಲೆ ಎರಡು ಸಲ ಜರಡಿ ಹಿಡಿದು, ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ ಗಟ್ಟಿ ಮಜ್ಜಿಗೆಯ ಹದಕ್ಕೆ ತನ್ನಿ. ಬುಕ್ ಬೈಂಡಿಂಗಿನವರಂತೆ ಮೈಲುತುತ್ತ ಹಾಕಬೇಡಿ, ತಾಮ್ರದ ಅಂಶ ಕಾಗದವನ್ನು ಬೇಗ ಸುಡುತ್ತದೆ. ಹುಳಿ ವಾಸನೆ ಬಂದ ಅಂಟನ್ನು ಚೆಲ್ಲಿ ಹೊಸದು ಮಾಡಿಕೊಳ್ಳಿ. ಅಂಟಿಸಿದ ಮೇಲೆ ಬ್ಲಾಟಿಂಗ್ ಕಾಗದ ಇಟ್ಟು ಮೇಲೆ ಭಾರ ಹೇರಿ. ಹತ್ತು ನಿಮಿಷಕ್ಕೊಮ್ಮೆ ಬ್ಲಾಟಿಂಗ್ ಬದಲಿಸಿದರೆ ಸುಕ್ಕು ಬರುವುದಿಲ್ಲ.

ಪ್ರಶ್ನೆ: ನಮ್ಮ ಊರಲ್ಲಿ ಸಿಗುವುದು ಒಂದೇ ತರಹದ ಮೌಂಟ್ ಬೋರ್ಡ್. ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದು ಹೇಗೆ? ಹಿಂದೆ ಹಾಕಲು ಸನ್‌ಬೋರ್ಡ್ ಆಗುತ್ತದೆಯೇ?
— ಸಿಂಧನೂರು

ಉತ್ತರ: ಅಂಗಡಿಯಲ್ಲಿ ಒಂದೆರಡು ವರ್ಷದ ಹಿಂದಿನ ತುಂಡು ಬಿದ್ದಿರುತ್ತದೆ, ಅದರ ಕತ್ತರಿಸಿದ ಅಂಚು ನೋಡಿ. ಒಳತಿರುಳು ಹಳದಿಗೆ ತಿರುಗಿದ್ದರೆ ಅದು ಮರದ ತಿರುಳಿನ ಬೋರ್ಡ್. ಹಳೆಯ ಕಟ್ಟುಗಳಲ್ಲಿ ಕಿಟಕಿಯ ಅಂಚಿಗೆ ಸರಿಯಾಗಿ ಚಿತ್ರದ ಸುತ್ತ ಕಂದು ಗೆರೆ ಎಳೆದಂತೆ ಕಾಣುವುದು ಇಂಥ ಬೋರ್ಡಿನಿಂದಲೇ. 'ಆ್ಯಸಿಡ್ ಫ್ರೀ' ಎಂಬ ಚೀಟಿಯೊಂದನ್ನೇ ನಂಬಬೇಡಿ, ಮರದ ತಿರುಳಿಗೆ ಸುಣ್ಣದಂಶ ಸೇರಿಸಿಯೂ ಹಾಗೆ ಮಾರುತ್ತಾರೆ. ಸುಣ್ಣದಂಶ ತೀರಿದ ಮೇಲೆ ಅದೂ ಮೊದಲಿನ ದಾರಿಯೇ. 'ನೂರಕ್ಕೆ ನೂರು ಕಾಟನ್' ಅಥವಾ 'ಮ್ಯೂಸಿಯಂ ಬೋರ್ಡ್' ಎಂದು ಕೇಳಿ. ಬೆಂಗಳೂರು, ಹೈದರಾಬಾದಿನ ಕಲಾಸಾಮಗ್ರಿ ಅಂಗಡಿಗಳಿಂದ ಇಡೀ ಶೀಟು ತರಿಸಿ ನಿಮ್ಮ ಅಂಗಡಿಯವರಿಂದಲೇ ಕತ್ತರಿಸಿಕೊಳ್ಳಬಹುದು. ಅದೂ ಆಗದಿದ್ದರೆ 300 ಜಿಎಸ್‌ಎಂನ ಪೂರ್ತಿ ಕಾಟನ್ ಜಲವರ್ಣದ ಕಾಗದವನ್ನು ಚಿತ್ರದ ಹಿಂದೆ ಎರಡು ಪದರ ಹಾಕಿ.

ಸನ್‌ಬೋರ್ಡ್ ಬೇಡ, ಸನ್‌ಪ್ಯಾಕ್ ಆಗಬಹುದು. ಹೆಸರಿನಲ್ಲಿ ಅಕ್ಕಪಕ್ಕದವಾದರೂ ಗುಣದಲ್ಲಿ ಬೇರೆ ಬೇರೆ. ಸನ್‌ಬೋರ್ಡ್ ಪಿವಿಸಿಯ ನೊರೆಹಲಗೆ, ಸೆಕೆಗೆ ಹಳತಾಗುತ್ತ ಹೈಡ್ರೊಕ್ಲೋರಿಕ್ ಆಮ್ಲದ ಆವಿ ಬಿಡುತ್ತದೆ. ಸನ್‌ಪ್ಯಾಕ್ ಪಾಲಿಪ್ರೊಪಿಲಿನ್ನಿನದು, ನಡುವೆ ಕೊಳವೆ ಕೊಳವೆಯಾಗಿರುತ್ತದೆ, ಫ್ಲೆಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಬಣ್ಣವಿಲ್ಲದ್ದು ಅಥವಾ ಬಿಳಿಯದು ತನ್ನಿ. ಯಾವುದು ಯಾವುದೆಂದು ಅನುಮಾನವಿದ್ದರೆ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ಕಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಪಿವಿಸಿ. ಬಯಲಲ್ಲಿ ಮಾಡಿ, ಹೊಗೆ ಕುಡಿಯಬೇಡಿ.

ಪ್ರಶ್ನೆ: ಕೈಯಿಂದ ಬರೆದು ಬಣ್ಣ ಹಚ್ಚಿದ ಹಳೆಯ ನಕಾಶೆಯೊಂದು ಸುರುಳಿಯಾಗಿಯೇ ಟ್ರಂಕಿನಲ್ಲಿತ್ತು. ಬಿಚ್ಚಲು ಹೋದರೆ ಹಪ್ಪಳದಂತೆ ಮುರಿಯುತ್ತದೆ. ಇಸ್ತ್ರಿ ಮಾಡಬಹುದೇ?
— ರಾಯಚೂರು

ಉತ್ತರ: ಇಸ್ತ್ರಿಯೂ ಬೇಡ, ಕುಕ್ಕರಿನ ಹಬೆಯೂ ಬೇಡ. ರಾಯಚೂರಿನ ಬೇಸಿಗೆಯಲ್ಲಿ ಹವೆಯ ತೇವ ತೀರ ಇಳಿದಾಗ ಕಾಗದದ ನಾರಿನೊಳಗಿನ ನೀರೂ ಹೋಗಿ ಅದು ಬಾಗುವ ಗುಣ ಕಳೆದುಕೊಳ್ಳುತ್ತದೆ. ಆ ತೇವವನ್ನು ಆವಿಯ ರೂಪದಲ್ಲಿ, ನಿಧಾನವಾಗಿ ಮರಳಿ ಕೊಡಬೇಕು.

ಅದಕ್ಕೆ ಮೊದಲು ಎರಡು ಪರೀಕ್ಷೆ. ಹತ್ತಿ ಕಡ್ಡಿಯ ತುದಿಯನ್ನು ಸ್ವಲ್ಪವೇ ಒದ್ದೆ ಮಾಡಿ, ಪ್ರತಿ ಬಣ್ಣದ ಒಂದು ಮೂಲೆಗೆ ತಾಗಿಸಿ ಬ್ಲಾಟಿಂಗ್ ಒತ್ತಿ. ಬಣ್ಣ ಹತ್ತಿದರೆ ನಿಲ್ಲಿಸಿ. ಎರಡನೆಯದು ಮಸಿ: ಕಂದು ಛಾಯೆಯ ಕಪ್ಪು ಮಸಿ ಬೆನ್ನಿಗೂ ಇಳಿದು ಗೆರೆಗಳ ಜಾಗದಲ್ಲಿ ಕಾಗದ ಸುಟ್ಟಂತಿದ್ದರೆ ಅದು ಕಬ್ಬಿಣ ಬೆರೆಸಿದ ಹಳೆಯ ಮಸಿ. ತೇವ ತಾಗಿದರೆ ಅದರ ಆಮ್ಲ, ಕಬ್ಬಿಣ ಎರಡೂ ಸುತ್ತಲಿನ ಕಾಗದಕ್ಕೆ ಹರಡುತ್ತವೆ. ಅಂಥದ್ದನ್ನು ಸುರುಳಿಯಾಗಿಯೇ ಬಿಟ್ಟು ತಜ್ಞರಿಗೆ ಕೊಡಿ.

ಎರಡರಲ್ಲೂ ಪಾಸಾದರೆ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ತಳಕ್ಕೆ ಒದ್ದೆ ಮಾಡಿ ಹಿಂಡಿದ ಟವೆಲ್. ಅದರ ಮೇಲೆ 5 ಸೆಂ.ಮೀ. ಎತ್ತರದಲ್ಲಿ ಪ್ಲಾಸ್ಟಿಕ್ ಜಾಲರಿ. ಜಾಲರಿಯ ಮೇಲೆ ಸುರುಳಿ. ಮುಚ್ಚಳದ ಒಳಗೆ ಒಣ ಬ್ಲಾಟಿಂಗ್ ಅಂಟಿಸಿ, ಹನಿ ಬಿದ್ದರೆ ಅದು ಹೀರಿಕೊಳ್ಳಲಿ. ಬೆಳಗಿನ ತಂಪಿನಲ್ಲಿ ಶುರು ಮಾಡಿ ತಾಸಿಗೊಮ್ಮೆ ನೋಡುತ್ತಿರಿ. ನಾಲ್ಕರಿಂದ ಆರು ತಾಸಿನಲ್ಲಿ ಅಂಚು ತಾನಾಗಿ ಸಡಿಲಾಗುತ್ತದೆ. ರಾತ್ರಿಯಿಡೀ ಬಿಟ್ಟು ಮಲಗಬೇಡಿ, ನಮ್ಮ ಸೆಕೆಯಲ್ಲಿ ಬೂಸ್ಟು ಬರಲು ಹೆಚ್ಚು ಹೊತ್ತು ಬೇಡ. ಕಾಗದ ಎಷ್ಟು ಒಪ್ಪುತ್ತದೋ ಅಷ್ಟೇ ಬಿಚ್ಚಿ, ಉಳಿದದ್ದಕ್ಕೆ ಮತ್ತೆ ಡಬ್ಬ. ಪೂರ್ತಿ ಬಿಚ್ಚಿದ ಮೇಲೆ ಎರಡು ಬ್ಲಾಟಿಂಗ್ ನಡುವೆ ಮಲಗಿಸಿ, ಮೇಲೆ ಸಪಾಟು ಹಲಗೆ, ಅದರ ಮೇಲೆ 4-5 ಕಿಲೋ ಭಾರ. ಬ್ಲಾಟಿಂಗನ್ನು ಅರ್ಧ ತಾಸಿಗೆ, ಎರಡು ತಾಸಿಗೆ, ಮರುದಿನ ಬದಲಿಸಿ. ಒಂದು ವಾರ ಭಾರದಡಿಯಲ್ಲೇ ಇರಲಿ. ಬೇಗ ತೆಗೆದರೆ ಮತ್ತೆ ಸುರುಳಿ ಸುತ್ತುತ್ತದೆ.

ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ. ಅದರ ಅಂಟು ಎಣ್ಣೆಯಂತೆ ಇಳಿದು ಕಂದುಗಟ್ಟುತ್ತದೆ, ಪಟ್ಟಿ ಉದುರಿದರೂ ಕಲೆ ಹೋಗುವುದಿಲ್ಲ. ಮೊದಲ ಉತ್ತರದ ಪಿಷ್ಟದ ಅಂಟು, ಜಪಾನಿ ಕಾಗದ ಇಲ್ಲಿಗೂ ಆಗುತ್ತದೆ, ಬೆನ್ನ ಕಡೆಯಿಂದ.

ಪ್ರಶ್ನೆ: ನಮ್ಮದು ಚಿತ್ರಗಾರರ ಮನೆತನ. ಹಿರಿಯರು ಕಾಗದದ ಮೇಲೆ ಬರೆದು ಗೆರೆಗುಂಟ ಸೂಜಿ ಚುಚ್ಚಿದ ಮಾದರಿ ಹಾಳೆಗಳು ಒಂದು ಗಂಟಿನಲ್ಲಿವೆ. ಹುಳ ಹತ್ತಿವೆ. ಡಾಂಬರ ಗುಳಿಗೆ ಇಡಲೇ? ಕೆಲವನ್ನು ಕಟ್ಟು ಹಾಕಿಸುವ ಆಸೆ.
— ಕಿನ್ನಾಳ, ಕೊಪ್ಪಳ ಜಿಲ್ಲೆ

ಉತ್ತರ: ಮೊದಲು ಯಾವ ಹುಳ ಎಂದು ನೋಡಿ. ಕಾಗದದ ಮೇಲ್ಪದರ ಕೆರೆದಂತೆ ತೆಳ್ಳಗಾಗಿದ್ದರೆ ಬೆಳ್ಳಿಬಣ್ಣದ, ಸರ್ರನೆ ಓಡುವ ಬೆಳ್ಳಿಹುಳ. ಹಾಳೆಗಳನ್ನು ದಾಟಿ ದುಂಡನೆ ತೂತು ಬಿದ್ದು ಹಿಟ್ಟು ಉದುರುತ್ತಿದ್ದರೆ ಕೊರೆಹುಳ. ಮಣ್ಣು ಮೆತ್ತಿದ್ದರೆ ಗೆದ್ದಲು. ಆಗ ಮದ್ದು ಬೇಕಾದ್ದು ಗೋಡೆಗೆ, ಕಾಗದಕ್ಕಲ್ಲ. ಗಂಟನ್ನು ಆ ಗೋಡೆಯಿಂದ ದೂರ ಸರಿಸಿ ಮನೆಗೆ ಗೆದ್ದಲಿನ ಚಿಕಿತ್ಸೆ ಮಾಡಿಸಿ.

ಡಾಂಬರ ಗುಳಿಗೆ ಬೇಡ. ಅದರ ಆವಿ ಮನೆಯವರ ಆರೋಗ್ಯಕ್ಕೆ ಒಳ್ಳೆಯದಲ್ಲ, ಹುಳದ ಮೊಟ್ಟೆಗಳನ್ನು ಕೊಲ್ಲುತ್ತದೆಂಬ ಭರವಸೆಯೂ ಇಲ್ಲ. ಬೇವಿನ ಎಲೆಯನ್ನು ಹಾಳೆಗಳ ನಡುವೆ ಇಟ್ಟರೆ ಎಲೆಯ ಕಲೆ ಬೀಳುತ್ತದೆ. ಬೆಳ್ಳಿಹುಳ, ಕೊರೆಹುಳಕ್ಕೆ ಡೀಪ್ ಫ್ರೀಜರ್ ಸಾಕು: ಹಾಳೆಗಳನ್ನು ಸಾದಾ ಬಿಳಿ ಕಾಗದದಲ್ಲಿ ಸುತ್ತಿ, ಪಾಲಿಥಿನ್ ಚೀಲದಲ್ಲಿಟ್ಟು, ಗಾಳಿ ಒತ್ತಿ ತೆಗೆದು ಟೇಪಿನಿಂದ ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಎರಡು ವಾರ. ಫ್ರಿಜ್ಜಿನ ಸಣ್ಣ ಐಸ್ ಖಾನೆಯಲ್ಲಿ ಅಷ್ಟು ಚಳಿ ಬರುವುದಿಲ್ಲ. ಹೊರತೆಗೆದ ಮೇಲೆ 24 ತಾಸು ಚೀಲ ಬಿಚ್ಚಬೇಡಿ, ಬಿಚ್ಚಿದರೆ ಹೊರಗಿನ ತೇವವೆಲ್ಲ ತಣ್ಣಗಿನ ಕಾಗದದ ಮೇಲೆ ನೀರಾಗಿ ಕೂರುತ್ತದೆ. ದಪ್ಪಗೆ ಬಣ್ಣ ಹಚ್ಚಿ ಅದು ಉದುರುತ್ತಿರುವ ಹಾಳೆಗಳನ್ನು ಮಾತ್ರ ಫ್ರೀಜರಿಗೆ ಹಾಕಬೇಡಿ.

ಕಟ್ಟಿನ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ: ಇವುಗಳಿಗೆ ಕಟ್ಟು ಬೇಡ. ಇವು ಗೋಡೆಯ ಚಿತ್ರಗಳಲ್ಲ, ರಂಧ್ರಗಳ ಮೂಲಕ ಪುಡಿ ಉದುರಿಸಿ ಗೆರೆಗಳನ್ನು ಬೇರೆಡೆಗೆ ಇಳಿಸಿಕೊಳ್ಳುವ ಕೆಲಸದ ಹತ್ಯಾರ. ಸೂಜಿ ರಂಧ್ರದ ಒಂದು ಬದಿಯಲ್ಲಿ ಕಾಗದ ಸಣ್ಣಗೆ ಉಬ್ಬಿರುತ್ತದೆ, ಯಾವ ಕಡೆಯಿಂದ ಚುಚ್ಚಿದರೆಂದು ಅದರಿಂದಲೇ ತಿಳಿಯುವುದು. ರಂಧ್ರಗಳಲ್ಲಿ ಕೂತ ಇದ್ದಿಲಿನ ಅಥವಾ ಬಣ್ಣದ ಪುಡಿಯೂ ಕೊಳೆಯಲ್ಲ, ಹಾಳೆಯನ್ನು ಎಷ್ಟು ಬಳಸಿದ್ದಾರೆ ಎಂಬುದರ ದಾಖಲೆ. ಬ್ರಷ್ ಆಡಿಸಿದರೆ, ಭಾರ ಹೇರಿ ಸಪಾಟು ಮಾಡಿದರೆ ಎರಡೂ ಅಳಿಸಿಹೋಗುತ್ತವೆ. ಒಂದೊಂದು ಹಾಳೆಯನ್ನೂ ಕಾಟನ್ ಕಾಗದದ ಮಡಿಕೆಯಲ್ಲಿಟ್ಟು, ಮಡಿಕೆಗಳನ್ನು ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಬೀರುವಿನ ತಳದ ಅರೆ ಬೇಡ. ಗೋಡೆಗೆ ಬೇಕಿದ್ದರೆ ಒಂದನ್ನು ಸ್ಕ್ಯಾನ್ ಮಾಡಿಸಿ ಅದರ ಪ್ರತಿಗೆ ಕಟ್ಟು ಹಾಕಿಸಿ.

ಪ್ರಶ್ನೆ: ಹಳೆಯ ನಾಟಕ ಕಂಪನಿಗಳ ಬಣ್ಣದ ಹ್ಯಾಂಡ್‌ಬಿಲ್ ಸುಮಾರು ಇವೆ. ಲ್ಯಾಮಿನೇಷನ್ ಮಾಡಿಸಿದರೆ ಉಳಿಯುತ್ತವಲ್ಲ?
— ಬಳ್ಳಾರಿ

ಉತ್ತರ: ಲ್ಯಾಮಿನೇಷನ್ನಿನಲ್ಲಿ ಬಿಸಿಗೆ ಕರಗಿದ ಪ್ಲಾಸ್ಟಿಕ್ ನಾರಿನೊಳಗೆ ಇಳಿಯುತ್ತದೆ, ಅದನ್ನು ಮತ್ತೆ ಬಿಡಿಸಲಾಗದು. ಹ್ಯಾಂಡ್‌ಬಿಲ್ಲಿನ ಅಗ್ಗದ ಕಾಗದದ ಆಮ್ಲ ಒಳಗೇ ಉಳಿದು, ಪ್ಲಾಸ್ಟಿಕ್ ಹೊಳೆಯುತ್ತಿರುವಾಗಲೇ ಕಾಗದ ಕಂದಾಗುತ್ತದೆ. ಅದರ ಬದಲು 75ರಿಂದ 100 ಮೈಕ್ರಾನಿನ ಪಾರದರ್ಶಕ ಪಾಲಿಯೆಸ್ಟರ್ ಹಾಳೆ ಎರಡು, ಹ್ಯಾಂಡ್‌ಬಿಲ್ಲಿಗಿಂತ ಸುತ್ತಲೂ 2 ಸೆಂ.ಮೀ. ದೊಡ್ಡವು, ಅವುಗಳ ನಡುವೆ ಹ್ಯಾಂಡ್‌ಬಿಲ್. ಬೆನ್ನಿಗೆ ಸುಣ್ಣದಂಶವಿರುವ ಬಿಳಿ ಕಾಗದವೊಂದು, ಅದು ಆಮ್ಲ ಹೀರಲಿ. ಅಂಟಿನ ಗೊಡವೆಯೇ ಬೇಡ, ಟೇಲರ್ ಹತ್ತಿರ ಸುತ್ತಲಿನ ಖಾಲಿ ಅಂಚಿಗೆ ಹತ್ತಿ ದಾರದ ಉದ್ದ ಹೊಲಿಗೆ ಹಾಕಿಸಿ, ಹೊಲಿಗೆಯಿಂದ ಕಾಗದ 5 ಮಿ.ಮೀ. ದೂರವಿರಲಿ, ಮೂಲೆಗಳು ತೆರೆದಿರಲಿ. ಅದಕ್ಕೂ ಮೊದಲು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಇಂಥ ಕಾಗದ ಎಷ್ಟು ಜೋಪಾನ ಮಾಡಿದರೂ ನಮ್ಮೆಲ್ಲರಿಗಿಂತ ಬೇಗ ಹೋಗುವಂಥದ್ದು.

ಪ್ರಶ್ನೆ: ಸುತ್ತ ಗದ್ದೆ, ಮಣ್ಣಿನ ಮಾಳಿಗೆಯ ಹಳೆಯ ಮನೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟಿನೊಳಗೆ ಕಪ್ಪು ಚುಕ್ಕೆ ಬರುತ್ತವೆ. ಯಾವ ಗೋಡೆಗೆ ಹಾಕಬೇಕು?
— ಗಂಗಾವತಿ

ಉತ್ತರ: ಹೊರಗೋಡೆಗೆ ಬೇಡ, ಒಳಗಿನ ಅಡ್ಡಗೋಡೆಗೆ ಹಾಕಿ. ಮಳೆ ಹೊಡೆಯುವ ಗೋಡೆ, ಅಡುಗೆಮನೆ, ಬಚ್ಚಲಿಗೆ ತಾಗಿದ ಗೋಡೆ, ಪಡುವಣ ಬಿಸಿಲು ಬಡಿಯುವ ಗೋಡೆ ಎಲ್ಲವನ್ನೂ ಬಿಡಿ. ಕಟ್ಟಿನ ಕೆಳಗಿನ ಎರಡು ಮೂಲೆಗಳ ಹಿಂದೆ 8-10 ಮಿ.ಮೀ. ದಪ್ಪದ ಬಿರಡೆ ಅಥವಾ ರಬ್ಬರ್ ಚೂರು ಅಂಟಿಸಿದರೆ ಬೆನ್ನಿಗೆ ಗಾಳಿಯಾಡುತ್ತದೆ, ಗೆದ್ದಲು ನೇರವಾಗಿ ದಾಟುವುದಕ್ಕೂ ಅಡ್ಡಿಯಾಗುತ್ತದೆ. ಹವೆಯ ತೇವ ನೂರಕ್ಕೆ 65ರ ಮೇಲೆ ಹಲವು ದಿನ ನಿಂತರೆ ಬೂಸ್ಟು ಬರುತ್ತದೆ. ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರನ್ನು ಕಟ್ಟಿನ ಪಕ್ಕದಲ್ಲೇ ತೂಗುಹಾಕಿ. ಶ್ರಾವಣದಲ್ಲಿ ಅಂಕಿ ಇಳಿಯದಿದ್ದರೆ ಅದು ಇಳಿಯುವವರೆಗೆ ಚಿತ್ರವನ್ನು ತೆಗೆದು ಒಣ ಕೋಣೆಯ ಬೀರುವಿನಲ್ಲಿಡಿ.

ಬಂದ ಬೂಸ್ಟನ್ನು ಹಸಿಯಿದ್ದಾಗ ಒರೆಸಿದರೆ ನಾರಿಗೆ ಮೆತ್ತಿಕೊಳ್ಳುತ್ತದೆ. ನೆರಳಲ್ಲಿ ಗಾಳಿಗೆ ಒಣಗಲು ಬಿಡಿ, ಬಿಸಿಲಿಗೆ ಬೇಡ. ಪೂರ್ತಿ ಒಣಗಿದ ಮೇಲೆ ಎನ್95 ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಬ್ರಷ್ಷಿನಿಂದ ಉದುರಿಸಿ. ಕಪ್ಪು ಚುಕ್ಕೆಯ ಬಣ್ಣ ಮಾತ್ರ ಉಳಿಯುತ್ತದೆ, ಬ್ಲೀಚ್ ಹಚ್ಚಿ ತೆಗೆಯುವ ಸಾಹಸ ಬೇಡ.

ಬೆಳಕಿನ ಮಾತು: ಕಾಗದದ ಚಿತ್ರಕ್ಕೆ ವಸ್ತುಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ ಇಡುವ ಮಿತಿ 50 ಲಕ್ಸ್, ಅಂದರೆ ಮಬ್ಬು ಎನಿಸುವಷ್ಟು. ಮನೆಯಲ್ಲಿ ಅಷ್ಟು ಹಿಡಿಯುವುದು ಕಷ್ಟ. ಹಾಗಾಗಿ ಎಲ್‌ಇಡಿ ದೀಪ, ಕಿಟಕಿಗೆ ಪರದೆ, ಮತ್ತು ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ ಗೋಡೆಯ ಮೇಲೆ. ಅತಿನೇರಳೆ ಕಿರಣ ತಡೆಯುವ ಅಕ್ರಿಲಿಕ್ ಹಾಕಿಸಿದರೆ ಒಳ್ಳೆಯದೇ, ಆದರೆ ಪೇಸ್ಟಲ್, ಇದ್ದಿಲು ಚಿತ್ರಗಳಿಗೆ ಬೇಡ; ಅಕ್ರಿಲಿಕ್ಕಿನ ಸ್ಥಾಯೀ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ.

ಪ್ರಶ್ನೆ: ತಜ್ಞರು ಎಲ್ಲಿ ಸಿಗುತ್ತಾರೆ? ಚಿತ್ರ ಒಯ್ಯುವುದು ಹೇಗೆ?
— ಮಾನ್ವಿ

ಉತ್ತರ: ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ, ಪರಂಪರೆಯನ್ನು ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ. ಮುಂದೆ, ಹಿಂದೆ, ಹಾಳಾದ ಜಾಗ ಹತ್ತಿರದಿಂದ, ಹೀಗೆ ಮೂರು ಫೋಟೊ ಮತ್ತು ಅಳತೆ ಮೊದಲೇ ಕಳಿಸಿ ವಿಚಾರಿಸಿ. ಒಯ್ಯುವಾಗ ಸುತ್ತಬೇಡಿ. ಚಿತ್ರಕ್ಕಿಂತ 5 ಸೆಂ.ಮೀ. ದೊಡ್ಡದಾದ ಎರಡು ಸನ್‌ಪ್ಯಾಕ್ ಶೀಟುಗಳನ್ನು, ಕೊಳವೆಗಳು ಒಂದಕ್ಕೊಂದು ಅಡ್ಡ ಬರುವಂತೆ ಇಟ್ಟರೆ ಬಾಗುವುದಿಲ್ಲ. ನಡುವೆ ಬಿಳಿ ಕಾಗದದ ಮಡಿಕೆಯಲ್ಲಿ ಚಿತ್ರವಿಟ್ಟು ನಾಲ್ಕೂ ಅಂಚಿಗೆ ಟೇಪ್ ಸುತ್ತಿ. ಗಾಜಿಗೆ ಹತ್ತಿದ ಚಿತ್ರವಾದರೆ ಗಾಜಿನ ಹೊರಮೈಗೆ ಮಾಸ್ಕಿಂಗ್ ಟೇಪನ್ನು ಅಡ್ಡಡ್ಡ ಹಚ್ಚಿ, ಒಡೆದರೂ ಚೂರು ಚದುರುವುದಿಲ್ಲ. ಬಸ್ಸಿನ ಡಿಕ್ಕಿಯಲ್ಲಿ ಹಾಕದೆ ಕಾಲಿನ ಬಳಿ ಇಟ್ಟುಕೊಳ್ಳಿ.